ಕೃಷ್ಣಾತೀರದ ಮಹಾಪೂರವೂ ಜನರು ಮರಳಿ ಮನೆ ಸೇರಿದ ಬಗೆಯೂ

ಮಠವೊಂದರ ಮಹೋತ್ಸವದ ಸ್ಮರಣ ಸಂಪುಟದಲ್ಲಿ ಗುರುಪರಂಪರೆಯ ವೃತ್ತಾಂತವೂ, ಶಾಸನಗಳ ವಿಚಾರವೂ, ಸದ್ಭಕ್ತರ ಔದಾರ್ಯದ ವರ್ಣನೆಯೂ ಇರತಕ್ಕದ್ದು ಯೋಗ್ಯವೇ ಸರಿ. ಆದರೆ ಮಠವು ಯಾವ ನೆಲದ ಮೇಲೆ ನಿಂತಿರುವದೋ ಆ ನೆಲವನ್ನು ಹಸನು ಮಾಡಿದ, ಹಾಗೆಯೇ ಆಗಾಗ ಮುಳುಗಿಸಿದ ಹೊಳೆಯ ಚರಿತ್ರೆಯನ್ನು ಮರೆತರೆ ಆ ಸಂಪುಟವು ಅಪೂರ್ಣವಾಗುವದು. ಭಕ್ತನ ಬಾಳು ಹೊಳೆಯೊಡನೆ ಹೆಣೆದುಕೊಂಡಿದೆ. ಭಕ್ತನ ಬಾಳಿನೊಡನೆ ಮಠದ ಬಾಳು. ಆದ ಕಾರಣ ಈ ಪ್ರಾಂತದ ಮಹಾಪೂರಗಳ ವಿಷಯವಾಗಿಯೂ, ಅದಕ್ಕಿಂತ ವಿಶೇಷವಾಗಿ ನೀರು ಇಳಿದ ಮೇಲೆ ಜನರು ಮನೆಗೆ ಮರಳುವ ಕಷ್ಟದ ವಿಷಯವಾಗಿಯೂ ಕೆಲವು ಮಾತುಗಳನ್ನು ವಾಚಕರ ಮುಂದಿಡುತ್ತೇನೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳು ಇಂದು ಬೆಳಗಾವಿ ಜಿಲ್ಲೆಯ ಉತ್ತರ ಭಾಗವಾಗಿವೆ. ಇವುಗಳಲ್ಲಿ ನಿಪ್ಪಾಣಿಯು ಚಿಕ್ಕೋಡಿಯಿಂದಲೂ, ಕಾಗವಾಡವು ಅಥಣಿಯಿಂದಲೂ ಬೇರ್ಪಟ್ಟು ೨೦೧೮ರಲ್ಲಿ ಸ್ವತಂತ್ರ ತಾಲೂಕುಗಳಾದವು. ಹಿಂದಿನ ಕಾಲದಲ್ಲಿ ಚಿಕ್ಕೋಡಿ ಅಥಣಿಗಳು ಮುಂಬಯಿ ಇಲಾಖೆಯಲ್ಲಿದ್ದರೆ ರಾಯಬಾಗವು ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ೧೯೫೬ನೆಯ ನವೆಂಬರ ೧ರಂದು ಎಲ್ಲವೂ ಒಂದೇ ಕನ್ನಡ ರಾಜ್ಯದೊಳಗೆ ಬಂದವು. ಹೀಗೆ ಅರಸುತನಗಳು ಬದಲಾದವು, ಗಡಿಗಳು ಸರಿದವು, ಕಚೇರಿಗಳ ಭಾಷೆಯೂ ಬದಲಾಯಿತು. ಹೊಳೆಯು ಮಾತ್ರ ಯಾವ ಗಡಿಯನ್ನೂ ಎಣಿಸದೆ ತನ್ನ ಹಳೆಯ ದಾರಿಯಲ್ಲಿಯೇ ಹರಿಯುತ್ತ ಬಂದಿತು.

ಕೃಷ್ಣೆಯು ಮಹಾಬಳೇಶ್ವರದಲ್ಲಿ ಹುಟ್ಟಿ, ಕರಾಡದಲ್ಲಿ ಕೊಯ್ನೆಯನ್ನೂ, ಸಾಂಗಲಿಯ ಹತ್ತರ ವಾರಣೆಯನ್ನೂ, ನೃಸಿಂಹವಾಡಿಯಲ್ಲಿ ಪಂಚಗಂಗೆಯನ್ನೂ ಕೂಡಿಕೊಂಡು ನಮ್ಮ ಸೀಮೆಯನ್ನು ಪ್ರವೇಶಿಸುವಳು. ಇತ್ತ ನಿಪ್ಪಾಣಿಯ ಕಡೆಯಿಂದ ಹರಿದುಬರುವ ವೇದಗಂಗೆಯು ದೂಧಗಂಗೆಯೊಡನೆ ಬೆರೆತು, ಆ ಕೂಡು ಹೊಳೆಯು ಸದಲಗೆಯನ್ನು ದಾಟಿ ಕಲ್ಲೋಳ-ಯಡೂರುಗಳ ಪರಿಸರದಲ್ಲಿ ಕೃಷ್ಣೆಯನ್ನು ಸೇರುವದು. ಯಡೂರಿನ ಶ್ರೀ ವೀರಭದ್ರ ದೇವರ ದರ್ಶನಕ್ಕೆ ಹೋದವರೆಲ್ಲರೂ ಈ ನೀರನ್ನು ಕಣ್ಣಾರೆ ಕಂಡವರೇ. ಇಲ್ಲಿ ಒಂದು ಸಂಗತಿಯನ್ನು ಲಕ್ಷ್ಯದಲ್ಲಿಡಬೇಕು. ಹಿರಿಯ ಹೊಳೆಯು ತುಂಬಿ ನಿಂತಾಗ ಕಿರಿಯ ಹೊಳೆಗೆ ಒಳಹೋಗಲು ಎಡೆ ದೊರೆಯದು. ಅದು ಹಿಮ್ಮೆಟ್ಟಿ ತನ್ನ ಎರಡೂ ದಂಡೆಗಳ ಮೇಲೆ ಹರಡಿಕೊಳ್ಳುವದು. ಆದ್ದರಿಂದ ಕೃಷ್ಣೆಯಿಂದ ದೂರವಿರುವ ಊರುಗಳವರು ತಮಗೆ ಭಯವಿಲ್ಲವೆಂದು ಕುಳಿತಾಗಲೇ ದೂಧಗಂಗೆಯ ನೀರು ಹಿತ್ತಲಿಗೆ ಬಂದಿರುತ್ತದೆ.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಮಹಾಬಳೇಶ್ವರದಲ್ಲಿ ವರ್ಷಕ್ಕೆ ೫೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವದು. ಅಥಣಿಯ ಬಯಲಿನಲ್ಲಿ ಅದರ ಎಂಟನೆಯ ಒಂದು ಪಾಲು ಬಿದ್ದರೂ ಒಕ್ಕಲಿಗನು ಸುಕಾಲವೆನ್ನುವನು. ಆದುದರಿಂದ ನಮ್ಮ ಸೀಮೆಯ ನೆರೆಯು ನಮ್ಮ ಆಕಾಶದಿಂದ ಬರುವದಿಲ್ಲ. ತಲೆಯ ಮೇಲೆ ಬಿಸಿಲು, ಮಡ್ಡಿಯ ಹೊಲದಲ್ಲಿ ಒಣಗುತ್ತಿರುವ ಪೈರು, ಹೊಳೆದಂಡೆಯಲ್ಲಿ ಮಾತ್ರ ಆಳುದ್ದ ನೀರು — ಒಂದೇ ತಾಲೂಕಿನಲ್ಲಿ ಬರಗಾಲವೂ ಮಹಾಪೂರವೂ ಜೊತೆಯಾಗಿ ಇರುವ ಈ ನೋಟವು ಪರಸ್ಥಳದವರಿಗೆ ನಂಬಲಶಕ್ಯವಾದದ್ದು.

ಹೊಳೆದಂಡೆಯ ಊರುಗಳ ಹೆಸರುಗಳೇ ಅವುಗಳ ಚರಿತ್ರೆಯನ್ನು ಸಾರುತ್ತವೆ. ಸಪ್ತಸಾಗರ, ತೀರ್ಥ, ನದಿ ಇಂಗಳಗಾವಿ ಮುಂತಾದ ಹೆಸರುಗಳಲ್ಲಿ ನೀರಿನ ನೆನಪು ಅಡಗಿದೆ. ಅಥಣಿಯ ಗಚ್ಚಿನಮಠದ ಪರಮಪೂಜ್ಯ ಶ್ರೀ ಮುರುಘೇಂದ್ರ ಶಿವಯೋಗಿಗಳು (೧೮೩೬–೧೯೨೧) ಜನ್ಮವೆತ್ತಿದ್ದು ಈ ನದಿ ಇಂಗಳಗಾವಿಯಲ್ಲಿಯೇ ಎಂಬುದು ಭಕ್ತರಿಗೆ ವಿದಿತವಾಗಿದೆ. ಪೂರ್ವಿಕರು ಹೊಳೆಯ ಹತ್ತರವೇ ಊರು ಕಟ್ಟಿದ್ದು ಅವಿಚಾರದಿಂದಲ್ಲ. ಕರಿಕಲ್ಲಿನ ಈ ನೆಲದಲ್ಲಿ ಭಾವಿ ತೋಡುವದು ಬಹು ಪ್ರಯಾಸದ ಕೆಲಸ. ದನಕರುಗಳಿಗೂ ಮನುಷ್ಯರಿಗೂ ಹೊಳೆಯ ನೀರೇ ಆಧಾರ. ಅದರೂ ಅನೇಕ ಊರುಗಳಲ್ಲಿ ಹಳೆಯ ಗಾವಠಾಣವು ದಿಬ್ಬದ ಮೇಲೆ ಇರುವದನ್ನು ನೋಡಿದರೆ ಅವರು ಹೊಳೆಯ ನೀರನ್ನು ಬಯಸಿದಂತೆಯೇ ಅದರ ಸಿಟ್ಟನ್ನೂ ಅರಿತಿದ್ದರೆಂದು ತಿಳಿಯುವದು. ಮುಂದೆ ಪಂಪುಗಳು ಬಂದು, ನೀರಾವರಿ ಹೆಚ್ಚಿ, ಕಬ್ಬಿನ ಬೆಳೆ ದಂಡೆಯುದ್ದಕ್ಕೂ ಹಬ್ಬಿತು. ೧೯೬೪ರ ಹೊತ್ತಿಗೆ ಕಟ್ಟಿ ಮುಗಿದ ಕೊಯ್ನಾ ಜಲಾಶಯದಂಥ ಕಟ್ಟೆಗಳು ಮಳೆಗಾಲದ ನೀರನ್ನು ಹಿಡಿಯತೊಡಗಿದವು. ಜನರಿಗೆ ಧೈರ್ಯ ಬಂದಿತು. ದಿಬ್ಬದ ಕೆಳಗೆ ಹೊಸ ಓಣಿಗಳೂ, ಹೊಲಗಳಲ್ಲಿ ತೋಟದ ಮನೆಗಳೂ ಎದ್ದವು. ಐಶ್ವರ್ಯವು ಕೆಳಗಿಳಿದಂತೆ ಅಪಾಯವೂ ಸಮೀಪಿಸಿತು.

ನಮ್ಮ ಕಾಲದ ದೊಡ್ಡ ಮಹಾಪೂರಗಳಲ್ಲಿ ಪಾರ್ಥಿವ ಸಂವತ್ಸರದ, ಅಂದರೆ ೨೦೦೫ರ ನೆರೆಯು ಒಂದು. ಅದನ್ನೂ ಮೀರಿಸಿದ್ದು ವಿಕಾರಿ ಸಂವತ್ಸರದ, ೨೦೧೯ರ ನೆರೆ. ಆ ವರ್ಷದ ಬೇಸಿಗೆಯಲ್ಲಿ ಕೃಷ್ಣೆಯ ಪಾತ್ರವು ಬತ್ತಿಹೋಗಿ, ಕೊಯ್ನೆಯ ನೀರನ್ನು ಬಿಡಿಸಿರೆಂದು ಅಥಣಿ ಚಿಕ್ಕೋಡಿಗಳ ಜನರು ಬೀದಿಗಿಳಿದು ಕೂಗುತ್ತಿದ್ದರು. ಮೂರು ತಿಂಗಳು ಕಳೆಯುವಷ್ಟರಲ್ಲಿ ಅದೇ ಹೊಳೆ ಮನೆಯ ಮಾಳಿಗೆಯನ್ನು ಮುಟ್ಟಿತು. ಆಗಸ್ಟ ೫ರಂದು ನಾಗರಪಂಚಮಿ. ಗಂಡನ ಮನೆಯಿಂದ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಉಂಡಿ ಕಟ್ಟುವ, ಜೋಕಾಲಿ ಆಡುವ ದಿನ. ಆ ವಾರದಲ್ಲಿಯೇ ಯಡೂರು, ಕಲ್ಲೋಳ, ಮಾಂಜರಿ, ಇಂಗಳಿ, ಜುಗೂಳ, ಕೃಷ್ಣಾ ಕಿತ್ತೂರು, ಉಗಾರ, ಕುಡಚಿ, ಬಾವನಸೌದತ್ತಿ, ಸಪ್ತಸಾಗರ ಮೊದಲಾದ ಊರುಗಳ ಜನರು ಗಂಟುಮೂಟೆ ಹೊತ್ತು ಎತ್ತರದ ನೆಲವನ್ನು ಹುಡುಕಿಕೊಂಡು ಹೊರಟರು. ಕುಡಚಿ-ಉಗಾರಗಳ ನಡುವಿನ ಸೇತುವೆ ಮುಳುಗಿತು. ಯಮಗರ್ಣಿಯ ಹತ್ತರ ವೇದಗಂಗೆಯು ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಏರಿ ಸಂಚಾರವನ್ನೇ ನಿಲ್ಲಿಸಿತು. ಕೆಳಗಡೆಯ ಆಲಮಟ್ಟಿಯಿಂದ ಕ್ಷಣವೊಂದಕ್ಕೆ ೫ ಲಕ್ಷ ಘನ ಅಡಿಗೂ ಮಿಕ್ಕಿ ನೀರು ಹೊರಬಿಡಬೇಕಾಯಿತು. ರಾಜ್ಯದಲ್ಲೆಲ್ಲ ಸುಮಾರು ೭ ಲಕ್ಷ ಜನರು ಸ್ಥಳಾಂತರ ಹೊಂದಿದರು; ಒಟ್ಟು ಹಾನಿಯನ್ನು ರಾಜ್ಯ ಸರಕಾರವು ೩೫,೧೬೦ ಕೋಟಿ ರೂಪಾಯಿಯೆಂದು ಅಂದಾಜು ಮಾಡಿತು.

ಮನೆ ಬಿಡುವಾಗ ಜನರನ್ನು ತಡೆದದ್ದು ಬಂಗಾರವಲ್ಲ, ದನಕರು. ಹಗ್ಗದಲ್ಲಿ ಕಟ್ಟಿದ ಎಮ್ಮೆಯನ್ನು ನೀರಿಗೆ ಬಿಟ್ಟು ತಾನೊಬ್ಬನೇ ದೋಣಿ ಏರಲು ಒಕ್ಕಲಿಗನ ಮನಸ್ಸು ಒಪ್ಪದು. ದನಗಳಿಗೆ ಠಾವೂ ಮೇವೂ ಮೊದಲು ಸಿದ್ಧವಾದಲ್ಲಿ ಜನರು ಬೇಗನೆ ಹೊರಟರು. ಇಲ್ಲದಲ್ಲಿ ಕಡೆಯ ಗಳಿಗೆಯವರೆಗೆ ನಿಂತರು. ಮುಂದೆ ನೆರೆಯ ವ್ಯವಸ್ಥೆ ಮಾಡುವವರು ಗಂಜಿಯ ಕೊಪ್ಪರಿಗೆಗಿಂತ ಮೊದಲು ಕಣಕಿಯ ಬಣವೆಯನ್ನು ನೆನೆಯಬೇಕೆಂಬುದು ಇದರಿಂದ ಕಲಿಯತಕ್ಕ ಪಾಠ.

ಇನ್ನು ಮರಳಿಕೆಯ ವಿಚಾರ. ನೀರು ಏರುವಾಗ ಎಲ್ಲರ ಕಣ್ಣೂ ಹೊಳೆಯ ಮೇಲಿರುವದು. ಇಳಿದೊಡನೆ ಎಲ್ಲರೂ ಭಯ ಕಳೆಯಿತೆನ್ನುವರು. ನಿಜವಾಗಿ ನೋಡಿದರೆ ಎರಡನೆಯ ಭಯವು ಆಗಲೇ ಪ್ರಾರಂಭವಾಗುವದು. ನಮ್ಮ ಎರೆನೆಲವು ನೀರುಂಡರೆ ಉಬ್ಬುವದು, ಬಿಸಿಲು ಬಿದ್ದರೆ ಸೆಟೆದು ಬಿರುಕು ಬಿಡುವದು. ಅದರ ಮೇಲೆ ನಿಂತ ಮಣ್ಣಿನ ಗೋಡೆಯು ನೀರಿನಲ್ಲಿರುವಷ್ಟು ದಿನ ನಿಂತಿದ್ದು, ನೀರು ಸರಿದ ಎರಡು ಮೂರು ದಿನಗಳ ಮೇಲೆ ಸದ್ದಿಲ್ಲದೆ ಕುಸಿಯುವದು. ಮನೆ ನಿಂತಿದೆಯೆಂದು ಹಿಗ್ಗಿ ಒಳಹೊಕ್ಕವರ ತಲೆಯ ಮೇಲೆಯೇ ಮಾಳಿಗೆ ಬೀಳುವ ಸಂಭವವುಂಟು. ಆದ್ದರಿಂದ ತಿಳಿದವರು ಮೊದಲ ದಿನ ಒಳಗೆ ಹೋಗದೆ ಹೊರಗಿನಿಂದಲೇ ತಳಪಾಯವನ್ನೂ ತೊಲೆಗಳನ್ನೂ ಪರೀಕ್ಷಿಸುವರು. ವಿದ್ಯುತ್ತಿನ ತಂತಿಯನ್ನು ಬಲ್ಲವರಿಂದ ನೋಡಿಸುವರು. ಕೋಲಿನಿಂದ ಮೂಲೆಮೂಲೆಯನ್ನು ತಟ್ಟಿ ಹಾವು ಚೇಳುಗಳಿಗೆ ಹೊರದಾರಿ ಕೊಡುವರು. ಹಗಲಿನಲ್ಲಿ ಮನೆ ಬಳಿದು ರಾತ್ರಿ ಗುಡಿಯಲ್ಲಿಯೋ ಮಠದಲ್ಲಿಯೋ ಮಲಗುವರು. ಭಾವಿಯ ನೀರನ್ನು ತೋಡಿ ಚೆಲ್ಲಿ, ಔಷಧಿ ಹಾಕಿಸಿ, ಅನಂತರವೂ ಕುದಿಸಿ ಆರಿಸಿ ಕುಡಿಯುವದು ಅವಶ್ಯ. ಸತ್ತ ದನಗಳನ್ನು ಹೊಳೆಗೆ ನೂಕದೆ ಆಳವಾದ ಕುಣಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಇಷ್ಟಾಗದಿದ್ದರೆ ನೀರಿನಿಂದ ಉಳಿದವರು ವಾಂತಿಭೇದಿಗೂ ಇಲಿಜ್ವರಕ್ಕೂ ತುತ್ತಾಗುವರು.

ಮನೆಯ ಕಷ್ಟ ಹೀಗಾದರೆ ಹೊಲದ ಕಷ್ಟ ಬೇರೆ. ಕಬ್ಬು ಕೆಲಕಾಲ ನೀರಿನಲ್ಲಿ ನಿಂತು ಸಹಿಸೀತು. ಆದರೆ ಸುಳಿಯೊಳಗೆ ನೀರೂ ರೇವೆಯೂ ಹೊಕ್ಕರೆ ಅದು ಒಳಗಿನಿಂದ ಕೊಳೆಯುವದು. ಹನ್ನೆರಡರಿಂದ ಹದಿನೆಂಟು ತಿಂಗಳ ಬೆಳೆಯಾದ್ದರಿಂದ ಒಂದು ವಾರದ ನೀರು ಎರಡು ವರ್ಷದ ಲೆಕ್ಕವನ್ನು ಕೆಡಿಸುವದು. ದಂಡೆಯ ಪಂಪುಗಳು ಕೆಡುವವು. ಸೊಸಾಯಿಟಿಯ ಸಾಲವು ಮಾತ್ರ ಬಡ್ಡಿಸಹಿತ ಕ್ಷೇಮವಾಗಿರುವದು. ಹಗೇವಿನ ಜೋಳ ನೆನೆದು ಮೊಳಕೆಯೊಡೆದರೆ ವರ್ಷದ ಕೂಳು ಹೋದಂತೆಯೇ.

ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಕಾಗದದ ಕಷ್ಟ. ೨೦೧೯ರಲ್ಲಿ ಸರಕಾರವು ನೀರು ಹೊಕ್ಕ ಮನೆಯವರಿಗೆ ತತ್ಕಾಲಕ್ಕೆ ೧೦,೦೦೦ ರೂಪಾಯಿಯನ್ನೂ, ಪೂರ್ಣ ಬಿದ್ದ ಮನೆಗೆ ೫ ಲಕ್ಷ ರೂಪಾಯಿಯನ್ನೂ ಗೊತ್ತುಪಡಿಸಿತು. ಹಿಂದಿನ ನೆರೆಗಳ ಪರಿಹಾರಕ್ಕೆ ಹೋಲಿಸಿದರೆ ಇದು ಸಣ್ಣ ಮೊತ್ತವಲ್ಲ. ಆದರೆ ಪಂಚನಾಮೆಗೆ ಉತಾರ ಬೇಕು, ಉತಾರದಲ್ಲಿ ಹೆಸರು ಬೇಕು. ಅಜ್ಜನ ಹೆಸರಿನಲ್ಲಿಯೇ ಉಳಿದ ಮನೆಯಲ್ಲಿ ನಾಲ್ಕು ಸಂಸಾರಗಳು ಬೇರೆ ಬೇರೆ ಒಲೆ ಹೂಡಿಕೊಂಡಿದ್ದರೆ ಹಣ ಯಾರಿಗೆ? ಬಾಡಿಗೆಯವನಿಗೇನು? ಗಾವಠಾಣದ ಹೊರಗೆ, ಹೊಳೆಗೆ ಎಲ್ಲರಿಗಿಂತ ಹತ್ತರ, ಕಾಗದವಿಲ್ಲದ ಗುಡಿಸಲಿನಲ್ಲಿದ್ದ ಕೂಲಿಯವನಿಗೇನು? ನೀರು ಮೊದಲು ಮುಟ್ಟಿದ್ದು ಅವನನ್ನು. ಪರಿಹಾರವು ಕಡೆಗೆ ಮುಟ್ಟುವದು, ಇಲ್ಲವೆ ಮುಟ್ಟದೆಯೇ ಹೋಗುವದು ಅವನನ್ನು. ಸಮಾಧಾನದ ಕಾಲದಲ್ಲಿ ಹಿರಿಯರು ಕೂಡಿ ಮನೆಮನೆಯ ಕಾಗದಗಳನ್ನು ಸರಿಪಡಿಸಿಕೊಳ್ಳುವದು ನೆರೆಯ ಕಾಲದ ದೋಣಿಯಷ್ಟೇ ಉಪಕಾರಿಯಾದದ್ದು.

ಎರಡೇ ವರ್ಷಗಳಲ್ಲಿ ಹೊಳೆ ಮತ್ತೆ ಬಂದಿತು. ಪ್ಲವ ಸಂವತ್ಸರದ ಆಷಾಢದಲ್ಲಿ, ೨೦೨೧ರ ಜುಲೈ ೨೨-೨೩ರ ಒಂದೇ ಅಹೋರಾತ್ರಿಯಲ್ಲಿ ಮಹಾಬಳೇಶ್ವರದಲ್ಲಿ ಸುಮಾರು ೫೯೪ ಮಿಲಿಮೀಟರ ಮಳೆ ಸುರಿಯಿತು; ಅಥಣಿಯ ಒಂದು ವರ್ಷದ ಮಳೆ ಅಲ್ಲಿ ಒಂದು ದಿನದಲ್ಲಿ ಆದಂತಾಯಿತು. ೨೦೧೯ರಲ್ಲಿ ಬಿದ್ದ ಮನೆಯ ಗೋಡೆ ಇನ್ನೂ ಏರುತ್ತಿದ್ದವರು ಮತ್ತೆ ಗಂಟು ಕಟ್ಟಬೇಕಾಯಿತು. ಇಂಥ ಆಪತ್ತು ಬಂದಾಗಲೆಲ್ಲ ಮೇಲಿನವರು ಕೆಳಗಿನ ಆಲಮಟ್ಟಿಯ ಹಿನ್ನೀರನ್ನೂ, ಕೆಳಗಿನವರು ಮೇಲಿನ ಜಲಾಶಯಗಳನ್ನೂ ದೂರುವದು ರೂಢಿಯಾಗಿದೆ. ಮಹಾರಾಷ್ಟ್ರ ಸರಕಾರವೇ ನೇಮಿಸಿದ ನಂದಕುಮಾರ ವಡನೇರೆಯವರ ಸಮಿತಿಯು ೨೦೨೦ರಲ್ಲಿ ಸಲ್ಲಿಸಿದ ವರದಿಯಲ್ಲಿ ಸಾಂಗಲಿ ಕೊಲ್ಲಾಪುರಗಳ ನೆರೆಗೆ ಆಲಮಟ್ಟಿಯು ಕಾರಣವಲ್ಲವೆಂದು ಅಭಿಪ್ರಾಯಪಟ್ಟಿತು. ಅತಿವೃಷ್ಟಿಯು ಮುಖ್ಯ ಕಾರಣ. ಹೊಳೆಯ ಪಾತ್ರವನ್ನು ಮನುಷ್ಯನು ಒತ್ತಿಕೊಂಡದ್ದು ಅದಕ್ಕೆ ಸಹಾಯಕ. ಹೊಳೆಯು ನಮ್ಮ ಮನೆಗೆ ಬಂದಿತೆನ್ನುವ ಮೊದಲು ನಮ್ಮ ಮನೆ ಹೊಳೆಗೆ ಎಷ್ಟು ದೂರ ಹೋಗಿದೆಯೆಂದು ಅಳೆಯುವದು ನ್ಯಾಯವಾದದ್ದು.

ಹಾಗಾದರೆ ಊರನ್ನೇ ಎತ್ತಿ ಮಡ್ಡಿಗೆ ಒಯ್ಯಬೇಕೇ? ಇದು ಸುಲಭವಾಗಿ ತೀರುವ ಪ್ರಶ್ನೆಯಲ್ಲ. ೨೦೦೯ರ ಅಕ್ಟೋಬರದಲ್ಲಿ ಉತ್ತರ ಕರ್ನಾಟಕಕ್ಕೆ ಬಂದ ಜಲಪ್ರಳಯದ ತರುವಾಯ ‘ಆಸರೆ’ ಎಂಬ ಯೋಜನೆಯಿಂದ ದಾನಿಗಳ ನೆರವಿನಲ್ಲಿ ಹೊಸ ಊರುಗಳನ್ನು ಕಟ್ಟಿಸಲಾಯಿತು. ಕೆಲವೆಡೆ ಜನರು ನೆಲೆಸಿದರು. ಕೆಲವೆಡೆ ಮನೆಗಳು ಖಾಲಿ ಬಿದ್ದವು. ಹೊಲ ದೂರವಾಯಿತು, ದನಕ್ಕೆ ಹಕ್ಕಿ ಇಲ್ಲ, ಕಣಕ್ಕೆ ಜಾಗವಿಲ್ಲ, ಮಗನ ಮದುವೆಯಾದರೆ ಇನ್ನೊಂದು ಕೋಣೆಗೆ ಎಡೆಯಿಲ್ಲ ಎಂಬುದು ಜನರ ದೂರು. ಮನೆಯೆಂದರೆ ನಾಲ್ಕು ಗೋಡೆಯಲ್ಲ. ಗೋದಲಿ, ಹಗೇವು, ನೆರೆಹೊರೆ, ಹೊಲಕ್ಕೆ ಹೋಗುವ ದಾರಿ ಇವೆಲ್ಲ ಸೇರಿ ಮನೆ. ಇವನ್ನು ಬಲ್ಲ ಊರವರನ್ನು ಕೇಳಿ, ಹಳೆಯ ಹೊಲಕ್ಕೆ ನಡೆದು ಹೋಗುವಷ್ಟು ದೂರದಲ್ಲಿ, ಎಲ್ಲ ಓಣಿಗಳವರಿಗೂ ಸಮನಾದ ಠಾವು ಕೊಟ್ಟು ಕಟ್ಟಿದರೆ ಜನರು ಹೋಗದೆ ಇರಲಾರರು. ಹೋಗಲಾರದವರು ತಳಪಾಯವನ್ನು ನೆರೆಯ ಗುರುತಿಗಿಂತ ಮೇಲೆತ್ತಿ ಕಲ್ಲು ಗಾರೆಯಿಂದ ಕಟ್ಟಿಕೊಳ್ಳುವದು ಎರಡನೆಯ ಮಾರ್ಗ. ಹಳೆಯ ಮಣ್ಣಿನ ಗೋಡೆಯನ್ನೇ ಹಳೆಯ ಜಾಗದಲ್ಲಿ ಮತ್ತೆ ಏರಿಸುವದು ಮಾತ್ರ ಮಾರ್ಗವಲ್ಲ. ಅದು ಮುಂದಿನ ನೆರೆಗೆ ಕೊಟ್ಟ ಮುಂಗಡ.

ಕಡೆಗೆ ಮಠಗಳ ಕರ್ತವ್ಯದ ವಿಷಯವಾಗಿ ಒಂದು ಮಾತು. ನೆರೆಯ ವಾರದಲ್ಲಿ ಈ ಸೀಮೆಯ ಮಠಗಳೂ, ಬಸದಿಗಳೂ, ಗುಡಿ ಮಸೀದಿಗಳೂ, ಶಾಲೆಗಳೂ ಜಾತಿಮತ ನೋಡದೆ ಬಾಗಿಲು ತೆರೆದವು. ರೊಟ್ಟಿ ಬುತ್ತಿಗಳ ಗಂಟುಗಳು ದೂರದೂರದ ಊರುಗಳಿಂದ ಬಂದವು. ಅದು ನಮ್ಮ ನಾಡಿನ ಪುಣ್ಯ. ಆದರೆ ಆ ವಾರದ ದಾಸೋಹವು ಸುಲಭವಾದದ್ದು. ಎಲ್ಲರ ಕಣ್ಣಿನಲ್ಲಿಯೂ ನೀರು, ಎಲ್ಲರ ಕೈಯಲ್ಲಿಯೂ ದಾನ. ಮೂರನೆಯ ತಿಂಗಳಿನ ದಾಸೋಹವು ಕಠಿಣ. ಆಗ ಪರಿಹಾರ ಕೇಂದ್ರ ಮುಚ್ಚಿರುತ್ತದೆ, ಬಂಧುಗಳ ಮನೆಯಲ್ಲಿ ಸಂಕೋಚ ಹುಟ್ಟಿರುತ್ತದೆ, ಕಚೇರಿಗೆ ಅಲೆದು ಚಪ್ಪಲಿ ಸವೆದಿರುತ್ತದೆ. ಆ ಹೊತ್ತಿನಲ್ಲಿ ಬಡಿಗನಿಗೆ ಬಾಚಿ ಉಳಿಗಳನ್ನೂ, ನೇಕಾರನಿಗೆ ನೂಲನ್ನೂ, ಒಕ್ಕಲಿಗನಿಗೆ ಬೀಜವನ್ನೂ, ಹುಡುಗರಿಗೆ ಪುಸ್ತಕವನ್ನೂ, ಓದುಬರಹವಿಲ್ಲದ ಮುದುಕಿಗೆ ಅರ್ಜಿ ಬರೆದುಕೊಡುವ ಒಬ್ಬ ಹುಡುಗನನ್ನೂ ಒದಗಿಸಿದರೆ ಅದು ಅನ್ನದಾನಕ್ಕಿಂತ ಕಡಿಮೆಯಾಗದು. ಶರಣರು ಕಾಯಕವನ್ನು ಅಷ್ಟು ಎತ್ತರದಲ್ಲಿಟ್ಟದ್ದು ಸುಮ್ಮನೆಯಲ್ಲ. ನೆರೆಯಿಂದ ಬದುಕಿ ಬಂದವನು ಬೇಡುವ ಕೈಯನ್ನು ಹಿಂದೆಗೆದು ತನ್ನ ಕಾಯಕವನ್ನು ಮತ್ತೆ ಹಿಡಿದ ದಿನವೇ ಅವನು ನಿಜವಾಗಿ ಮನೆಗೆ ಮರಳಿದ ದಿನ.

ಹೊಳೆ ಮತ್ತೆ ಬಾರದೆಂದು ಯಾರೂ ಹೇಳಲಾರರು. ನೃಸಿಂಹವಾಡಿಯ ಮೆಟ್ಟಿಲಿಗೆ ನೀರು ಏರಿತೆಂಬ ಸುದ್ದಿ ಕೇಳಿದೊಡನೆ ದನಗಳ ಹಗ್ಗ ಬಿಚ್ಚುವ ಎಚ್ಚರವೂ, ನೀರು ಇಳಿದ ಮೇಲೆ ಅವಸರಪಡದೆ ಒಳಹೊಗುವ ತಾಳ್ಮೆಯೂ, ನೆರೆಮನೆಯವನ ಗೋಡೆ ಏಳುವವರೆಗೆ ನಮ್ಮ ಮಾಳಿಗೆಯ ಕೆಳಗೆ ಅವನಿಗೆ ಎಡೆಕೊಡುವ ಮನಸ್ಸೂ ನಮ್ಮಲ್ಲಿ ಉಳಿಯಲಿ. ಶ್ರೀಗುರುವಿನ ಕೃಪೆಯಿಂದ ಕೃಷ್ಣಾ, ದೂಧಗಂಗಾ, ವೇದಗಂಗಾ ತೀರದ ಸಕಲ ಜನರೂ ಸುಖವಾಗಿ ಬಾಳಲೆಂದು ಹಾರೈಸಿ ಈ ಅಲ್ಪ ಲೇಖನವನ್ನು ಮುಗಿಸುವೆನು.