ನೈಸ್ ಲಿಂಕ್ ರಸ್ತೆ: ದಾರಿ ಗಿಡ್ಡ, ಕತೆ ಉದ್ದ

ಬೆಂಗಳೂರಿಗೆ ಹೋಗಿಬರುವ ನಮ್ಮೂರುಗಳ ಜನರಿಗೆ ನೈಸ್ ರಸ್ತೆ ಹೊಸದೇನಲ್ಲ. ಸೋಮಪುರದ ಹತ್ತಿರ ಅದರಿಂದ ಒಂದು ಕವಲು ಒಡೆದು ನಗರದೊಳಗೆ, ಹೊಸಕೆರೆಹಳ್ಳಿ ಕಡೆಗೆ ಹೋಗುತ್ತದೆ. ಅದೇ ಲಿಂಕ್ ರಸ್ತೆ. ಹತ್ತು ಕಿ.ಮೀ. ಕೂಡ ಇಲ್ಲ. ಟೋಲ್ ಕಟ್ಟಿ, ಮಾತಾಡುತ್ತಿರುವಾಗಲೇ ದಾಟಿಬಿಡುತ್ತೇವೆ. ಆದರೆ ಈ ಕವಲಿನ ಕತೆ ಮೂವತ್ತು ವರ್ಷದ್ದು.

ಮೊದಲು ನಕ್ಷೆ ನೋಡೋಣ. ತುಮಕೂರು ರಸ್ತೆಯಿಂದ ಹೊಸೂರು ರಸ್ತೆಯವರೆಗೆ ಕುಡುಗೋಲಿನಂತೆ ಬಾಗಿದ 41 ಕಿ.ಮೀ. ವರ್ತುಲ ರಸ್ತೆ. ಅದು ಮಾಗಡಿ, ಮೈಸೂರು, ಕನಕಪುರ, ಬನ್ನೇರುಘಟ್ಟ ರಸ್ತೆಗಳನ್ನು ದಾಟುತ್ತದೆ. ಮೈಸೂರು ಮತ್ತು ಕನಕಪುರ ರಸ್ತೆಗಳ ನಡುವೆ ಸೋಮಪುರ. ಅಲ್ಲಿ ಒಂದು ರಸ್ತೆ ಮೇಲೆ, ಒಂದು ಕೆಳಗೆ. ಸುತ್ತ ನಾಲ್ಕು ಎಲೆಯ ಹಾಗೆ ಬಳಸುದಾರಿ. ಯಾರೂ ಸಿಗ್ನಲ್‌ಗೆ ನಿಲ್ಲದೆ ತಮಗೆ ಬೇಕಾದ ಕಡೆ ತಿರುಗಬಹುದು.

ಇಷ್ಟು ದೊಡ್ಡ ಕೂಡುದಾರಿ ಬರೀ ಒಂದು ಕವಲಿಗಲ್ಲ. ಯೋಜನೆಯಲ್ಲಿ ಮೈಸೂರಿಗೆ 111 ಕಿ.ಮೀ. ಎಕ್ಸ್‌ಪ್ರೆಸ್‌ವೇ ಇತ್ತು. ಅದನ್ನು ನಗರಕ್ಕೆ ಜೋಡಿಸುವ ಕೊಂಡಿಯೇ ಲಿಂಕ್ ರಸ್ತೆ. ಕೊಂಡಿ ಬಂತು, ಸರಪಳಿ ಬರಲಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಬೇರೆ; ಅದು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು.

ಈ ಯೋಜನೆಗೆ 1995ರಲ್ಲಿ ಸರ್ಕಾರ ಮತ್ತು ಕಂಪನಿಗಳ ನಡುವೆ ತಿಳಿವಳಿಕೆ ಪತ್ರ ಆಯಿತು. 1997ರ ಏಪ್ರಿಲ್ 3ರಂದು ಒಪ್ಪಂದಕ್ಕೆ ಸಹಿ ಬಿತ್ತು. ಬೇಕಾದ ಭೂಮಿ 20,193 ಎಕರೆ. ಅದರಲ್ಲಿ ಸರ್ಕಾರದ್ದು 6,956 ಎಕರೆ, ಖಾಸಗಿಯವರದ್ದು 13,237 ಎಕರೆ. ರಸ್ತೆಗಳಿಗೆ ಎಂದು ತೋರಿಸಿದ್ದು ಸುಮಾರು 7,000 ಎಕರೆ, ಉಳಿದದ್ದೆಲ್ಲ ಟೌನ್‌ಶಿಪ್‌ಗಳಿಗೆ. ‘ರಸ್ತೆಗೆ ಇಷ್ಟು ಭೂಮಿ ಯಾಕೆ’ ಎಂಬ ಜಗಳ ಶುರುವಾಗಿದ್ದೇ ಇಲ್ಲಿ. ಕೊನೆಗೆ ಸರ್ಕಾರವೇ ‘ಭೂಮಿ ಹೆಚ್ಚಾಯಿತು’ ಎಂದು ಕೋರ್ಟಿನಲ್ಲಿ ವಾದಿಸಿತು. ಸುಪ್ರೀಂ ಕೋರ್ಟ್ 2006ರ ಏಪ್ರಿಲ್ 20ರಂದು ಆ ವಾದ ತಳ್ಳಿಹಾಕಿ ಯೋಜನೆಯನ್ನು ಎತ್ತಿಹಿಡಿಯಿತು.

ಭೂಮಿ ಕೊಟ್ಟವರ ಪಾಡೇನು? ಇದೇ ಯೋಜನೆಗೆ ಗೊಟ್ಟಿಗೆರೆಯಲ್ಲಿ ನಿವೇಶನ ಕಳೆದುಕೊಂಡವರ ಪ್ರಕರಣ ನೋಡಿ. 2003ರ ಜನವರಿಯಲ್ಲಿ ಕೆಐಎಡಿಬಿ ಪ್ರಾಥಮಿಕ ಅಧಿಸೂಚನೆ ಬಂತು. 2005ರಲ್ಲಿ ಜಾಗ ವಶಕ್ಕೆ ಹೋಯಿತು. ಪರಿಹಾರ ನಿಗದಿಯಾಗಿದ್ದು 2019ರ ಏಪ್ರಿಲ್ 22ರಂದು, ಅದೂ ನ್ಯಾಯಾಂಗ ನಿಂದನೆ ಅರ್ಜಿ ಹಾಕಿದ ಮೇಲೆ.

2025ರ ಜನವರಿ 2ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆಸ್ತಿ ಈಗ ಮೂಲಭೂತ ಹಕ್ಕಲ್ಲ, ನಿಜ. ಆದರೆ 300ಎ ವಿಧಿಯಡಿ ಅದು ಸಂವಿಧಾನ ಕೊಟ್ಟ ಹಕ್ಕು. ಅಧಿಕಾರಿಗಳ ನಿಧಾನಕ್ಕೆ ಮಾಲೀಕರು ನಷ್ಟ ಅನುಭವಿಸಬಾರದು ಎಂದ ಕೋರ್ಟ್, 2003ರ ಬೆಲೆ ಬಿಟ್ಟು 2019ರ ಏಪ್ರಿಲ್ 22ರ ಮಾರುಕಟ್ಟೆ ಬೆಲೆಯಂತೆ ಪರಿಹಾರ ಲೆಕ್ಕ ಹಾಕಲು ಹೇಳಿತು.

ಇದು ವಿಶೇಷ ಅಧಿಕಾರ ಬಳಸಿ ಕೊಟ್ಟ ಆದೇಶ, ತಾನಾಗಿಯೇ ಎಲ್ಲರಿಗೂ ಸಿಗುವುದಿಲ್ಲ. ಸಾಮಾನ್ಯವಾಗಿ ಬೆಲೆ ನಿಲ್ಲುವುದು ಪ್ರಾಥಮಿಕ ಅಧಿಸೂಚನೆಯ ತಾರೀಖಿನಲ್ಲೇ. ಹಣ ಇಪ್ಪತ್ತು ವರ್ಷ ತಡವಾಗಿ ಬಂದರೂ ಬೆಲೆ ಹಳೆಯದೇ.

ಹಾಗಾಗಿ ನಿಮ್ಮೂರಲ್ಲಿ ರಸ್ತೆಗೆ ಸರ್ವೆ ಕಲ್ಲು ನೆಟ್ಟರೆ, ರಸ್ತೆ ಎಷ್ಟು ಅಗಲ ಎಂದು ಕೇಳುವ ಜೊತೆಗೆ ಅಧಿಸೂಚನೆಯ ತಾರೀಖೂ ಕೇಳಿ. ಅದರ ಪ್ರತಿ, ಪಹಣಿ, ಬಂದ ನೋಟಿಸು ಎಲ್ಲವನ್ನೂ ಒಂದೇ ಕಡತದಲ್ಲಿಡಿ. ಗೊಟ್ಟಿಗೆರೆಯವರು ಕೋರ್ಟಿನಲ್ಲಿ ಗೆದ್ದದ್ದು ತಾರೀಖುಗಳ ಲೆಕ್ಕದ ಮೇಲೆಯೇ.