ಎಷ್ಟು ಮಂದಿಯಲ್ಲಿ ಎಷ್ಟು?

1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಹಬ್ಬಿದಾಗ ವೈದ್ಯ ಜಾನ್ ಸ್ನೋ, ಸಾವು ಸಂಭವಿಸಿದ ಮನೆಗಳಿಗೆ ಹೋಗಿ ಅಲ್ಲಿಗೆ ಯಾವ ಕಂಪನಿಯ ನೀರು ಬರುತ್ತದೆ ಎಂದು ವಿಚಾರಿಸಿದರು. ಸೌತ್‌ವಾರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿ ಊರಿನ ಕೊಳಚೆ ಸೇರುವ ಕಡೆಯೇ ಥೇಮ್ಸ್ ನದಿಯಿಂದ ನೀರೆತ್ತುತ್ತಿತ್ತು. ಲ್ಯಾಂಬೆತ್ ಕಂಪನಿ ಅಷ್ಟರಲ್ಲಿ ನದಿಯ ಮೇಲ್ಭಾಗಕ್ಕೆ ಸರಿದಿತ್ತು. ಮೊದಲನೆಯ ಕಂಪನಿಯ 40,046 ಮನೆಗಳಲ್ಲಿ 1,263 ಸಾವು, ಎರಡನೆಯದರ 26,107 ಮನೆಗಳಲ್ಲಿ 98. ಸ್ನೋ ಎರಡನ್ನೂ ಹತ್ತು ಸಾವಿರ ಮನೆಗಳ ಲೆಕ್ಕಕ್ಕೆ ತಂದರು: 315 ಮತ್ತು 37.

ಎಂಟು ಪಟ್ಟಿಗೂ ಹೆಚ್ಚಿನ ಅಂತರ! ಕಾಲರಾ ರೋಗಾಣುವನ್ನು ವೈದ್ಯಲೋಕ ಇನ್ನೂ ಒಪ್ಪಿರದ ಕಾಲದಲ್ಲಿ, ಅಡ್ಡಸಾಲಿಗೆ ಕಂಪನಿ, ಕಂಬಸಾಲಿಗೆ ಸಾವು ಎಂಬಷ್ಟು ಸರಳವಾದ ಕೋಷ್ಟಕವೇ ನೀರಿನತ್ತ ಬೆರಳು ತೋರಿಸಿತು.

ಇಂಥ ಅಂತರ ಬರೀ ಆಕಸ್ಮಿಕವಾಗಿರಬಹುದೇ? ಇದನ್ನು ಅಳೆಯಲು ಕಾರ್ಲ್ ಪಿಯರ್ಸನ್ 1900ರಲ್ಲಿ ಕೈ-ವರ್ಗ ಪರೀಕ್ಷೆಯನ್ನು ಕೊಟ್ಟರು. ಎರಡು ಸಂಗತಿಗಳಿಗೆ ಸಂಬಂಧವೇ ಇಲ್ಲದಿದ್ದರೆ ಪ್ರತಿ ಚೌಕದಲ್ಲಿ ಎಷ್ಟು ಇರಬೇಕಿತ್ತು, ನಿಜವಾಗಿ ಎಷ್ಟಿದೆ ಎಂಬ ಹೋಲಿಕೆ ಅದು. ಆದರೆ ನಾಲ್ಕು ಚೌಕಗಳ ಕೋಷ್ಟಕದಲ್ಲಿ ಅವರದೇ ಎಣಿಕೆ ತಪ್ಪಿತ್ತು. ಅಂಚಿನ ಮೊತ್ತಗಳು ಗೊತ್ತಿದ್ದರೆ ಒಂದು ಚೌಕ ತುಂಬಿದೊಡನೆ ಉಳಿದ ಮೂರೂ ತಾವಾಗಿ ತುಂಬುತ್ತವೆ, ಆದ್ದರಿಂದ ಸ್ವತಂತ್ರ ಅಂಕಿ ಮೂರಲ್ಲ, ಒಂದೇ ಎಂದು 1922ರಲ್ಲಿ ರೊನಾಲ್ಡ್ ಫಿಶರ್ ತೋರಿಸಿದರು. ಪಿಯರ್ಸನ್ ಒಪ್ಪಲಿಲ್ಲ; ಶಾಸ್ತ್ರ ಫಿಶರ್ ಕಡೆಗೇ ನಿಂತಿತು. ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ 1948ರಲ್ಲಿ ಮಂಡಿಸಿದ ಸ್ಕೋರ್ ಪರೀಕ್ಷೆ ಇನ್ನೂ ವಿಶಾಲವಾದದ್ದು. ಪಿಯರ್ಸನ್ನರ ಸೂತ್ರ ಅದರ ಒಂದು ವಿಶೇಷ ರೂಪವಾಗಿ ಒಳಗೇ ಅಡಗಿದೆ.

ಇಂಥ ಕೋಷ್ಟಕಗಳ ಲೆಕ್ಕದಲ್ಲಿ ಅತ್ಯಂತ ಸೊಗಸಾದ ತಿರುವು ಬಂದದ್ದು ಸಿಗರೇಟಿನಿಂದ. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್, ಶ್ವಾಸಕೋಶದ ಕ್ಯಾನ್ಸರ್ ಇದ್ದ 649 ಗಂಡಸರನ್ನೂ ಬೇರೆ ಕಾಯಿಲೆಗಳ ಅಷ್ಟೇ ರೋಗಿಗಳನ್ನೂ ಹೋಲಿಸಿದರು. ಸೇದುವವರು 647 ಮತ್ತು 622. ಮೇಲ್ನೋಟಕ್ಕೆ ದೊಡ್ಡ ಅಂತರವೇನಿಲ್ಲ. ಸೇದದವರ ಸಾಲು ನೋಡಿದರೆ ಎದೆ ಝಲ್ಲೆನ್ನುತ್ತದೆ: ಕ್ಯಾನ್ಸರ್ ಗುಂಪಿನಲ್ಲಿ 2, ಇನ್ನೊಂದರಲ್ಲಿ 27. ಹಾಗೆಂದು ಸೇದುವ 1,269 ಮಂದಿಯಲ್ಲಿ 647 ಜನರಿಗೆ, ಅಂದರೆ ಅರ್ಧದಷ್ಟು ಜನರಿಗೆ ಕ್ಯಾನ್ಸರ್ ಎನ್ನುವಂತಿಲ್ಲ. ರೋಗಿಗಳೆಷ್ಟು, ಉಳಿದವರೆಷ್ಟು ಎಂಬುದನ್ನು ಸಂಶೋಧಕರೇ ಆರಿಸಿಕೊಂಡಿದ್ದರು. ಇಲ್ಲಿ ಕೈಹಿಡಿದದ್ದು ಓರೆ ಗುಣಾಕಾರ. 647ನ್ನು 27ರಿಂದ ಗುಣಿಸಿ, 622 ಮತ್ತು 2ರ ಗುಣಲಬ್ಧದಿಂದ ಭಾಗಿಸಿದರೆ ಸುಮಾರು 14. ಯಾವ ಗುಂಪಿನಿಂದ ಎಷ್ಟು ಜನರನ್ನು ಆರಿಸಿದರೂ ಈ ಅನುಪಾತ ಕೆಡುವುದಿಲ್ಲ. ಕಾಯಿಲೆ ಅಪರೂಪದ್ದಾದರೆ ಅದು ಸಾಪೇಕ್ಷ ಅಪಾಯಕ್ಕೆ, ಅಂದರೆ ಸೇದುವವರ ಅಪಾಯ ಸೇದದವರದಕ್ಕಿಂತ ಎಷ್ಟು ಪಟ್ಟು ಎಂಬುದಕ್ಕೆ, ಬಲು ಹತ್ತಿರ ಎಂದು ಜೆರೋಮ್ ಕಾರ್ನ್‌ಫೀಲ್ಡ್ 1951ರಲ್ಲಿ ಸಾಧಿಸಿದರು.

ಅದೇ ವರ್ಷ ಎಡ್ವರ್ಡ್ ಸಿಂಪ್ಸನ್ ಎಚ್ಚರಿಸಿದ ಅಪಾಯವೇ ಬೇರೆ: ಕೋಷ್ಟಕಗಳನ್ನು ಒಟ್ಟು ಸೇರಿಸಿದರೆ ತೀರ್ಮಾನವೇ ತಿರುಗುಮುರುಗಾಗಬಹುದು. 1973ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಉನ್ನತ ವ್ಯಾಸಂಗಕ್ಕೆ ಅರ್ಜಿ ಹಾಕಿದ ಗಂಡಸರಲ್ಲಿ ಶೇ. 44, ಹೆಂಗಸರಲ್ಲಿ ಶೇ. 35 ಮಂದಿಗೆ ಸೀಟು ಸಿಕ್ಕಿತ್ತು. ತಾರತಮ್ಯ ಸ್ಪಷ್ಟ ಅನ್ನಿಸಿತು. ವಿಭಾಗವಾರು ಬಿಡಿಸಿ ನೋಡಿದಾಗ ಆ ಅಂತರ ಕರಗಿತು. ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದು ಸೀಟು ಸಿಗುವುದೇ ಕಷ್ಟವಾದ ವಿಭಾಗಗಳಿಗೆ.

ಲೆಕ್ಕ ಸರಿಯಿದ್ದೂ ಹೇಳುವ ರೀತಿ ಕೆಟ್ಟರೆ ಏನಾಗುತ್ತದೆ ಎಂಬುದನ್ನು 1995ರ ಬ್ರಿಟನ್ ಕಂಡಿತು. ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಎಂಬ ಎಚ್ಚರಿಕೆ ಹೊರಬಿತ್ತು. ನಿಜದಲ್ಲಿ ಅದು ಏಳು ಸಾವಿರ ಹೆಂಗಸರಲ್ಲಿ ಒಬ್ಬರಿಂದ ಇಬ್ಬರಿಗೆ ಏರಿತ್ತು. ಹೆದರಿದ ಅನೇಕರು ಮಾತ್ರೆ ಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಂದಾಜು 13,000 ಗರ್ಭಪಾತಗಳು ಹೆಚ್ಚಾದವು.

ಆದ್ದರಿಂದ ಪತ್ರಿಕೆಗಳು ‘ಎರಡು ಪಟ್ಟು’ ಎಂದು ಶೀರ್ಷಿಕೆ ಕೊಡುವಾಗಲೆಲ್ಲ ಅದರ ಕೆಳಗೆ ಕೋಷ್ಟಕದ ನಾಲ್ಕೂ ಅಂಕಿಗಳನ್ನು ಅಚ್ಚುಹಾಕಲಿ. ಅದಕ್ಕೆ ಎರಡು ಸಾಲಿನ ಜಾಗ ಸಾಕು.