ಕುದುರೆ ಸವಾರಿ ಕಲಿಸೋಕೂ ಡಿಗ್ರಿ ಬೇಕಾ? ಅದರಲ್ಲಿ ಏನಿದೆ, ಯಾರಿಗೆ ಸಿಗುತ್ತೆ?

ಇಂಗ್ಲೆಂಡಿನ ಒಂದು ಕೃಷಿ ಕಾಲೇಜಿನಲ್ಲಿ ಕುದುರೆ ಸವಾರಿ ಕೋಚಿಂಗ್ ಡಿಗ್ರಿ ಓದ್ತಿದ್ದೀನಿ ಅಂದರೆ ಊರಲ್ಲಿ ಮೊದಲು ಕೇಳೋದು, "ರೇಸ್‌ಗಾ?" ಅಂತ. ಅಲ್ಲ. ಎರಡನೇ ಪ್ರಶ್ನೆ, "ಅದಕ್ಕೂ ಡಿಗ್ರಿ ಬೇಕಾ?" ಇದು ಒಳ್ಳೆ ಪ್ರಶ್ನೆ. ಇದಕ್ಕೆ ಉತ್ತರ ಕೊಡಬೇಕಾದರೆ ಸಿಲಬಸ್ ಜೊತೆಗೆ ಹಣ, ವೀಸಾ, ವರ್ಗ ಎಲ್ಲದರ ಬಗ್ಗೆಯೂ ಮಾತಾಡಬೇಕಾಗುತ್ತೆ.

ರೇಸಿನಲ್ಲಿ ವೇಗವೇ ಎಲ್ಲ. ನಾವು ಓದೋದು ಒಲಿಂಪಿಕ್ಸ್‌ನಲ್ಲಿರುವ ಮೂರು ಸ್ಪರ್ಧೆಗಳ ಸುತ್ತ: ಕುದುರೆಯ ಚಲನೆಯ ನಿಖರತೆ ಅಳೆಯುವ ಡ್ರೆಸಾಜ್, ಅಡೆತಡೆ ಹಾರಿಸುವ ಶೋ ಜಂಪಿಂಗ್, ಇವೆರಡರ ಜೊತೆ ಕಾಡುಮೇಡಿನ ಓಟವನ್ನೂ ಸೇರಿಸಿದ ಇವೆಂಟಿಂಗ್. ಈ ಮೂರರಲ್ಲೂ ಗಂಡಸರು, ಹೆಂಗಸರು ಒಂದೇ ಪದಕಕ್ಕೆ ಸ್ಪರ್ಧಿಸ್ತಾರೆ. ಇಂಗ್ಲೆಂಡಿನಲ್ಲಿ ಈ ಡಿಗ್ರಿಗಳು ಹೆಚ್ಚಾಗಿ ಸಿಗೋದು ಹಿಂದೆ ರೈತರ ಮಕ್ಕಳಿಗಾಗಿ ಶುರುವಾದ ಕೃಷಿ ಕಾಲೇಜುಗಳಲ್ಲಿ. ಗ್ಲೌಸ್ಟರ್‌ಶೈರ್‌ನ ಹಾರ್ಟ್‌ಪುರಿ ಅಂಥದ್ದೊಂದು. 2018ರಲ್ಲಿ ಅದು ವಿಶ್ವವಿದ್ಯಾಲಯವೇ ಆಯ್ತು. ಡಿಗ್ರಿ ಸಾಮಾನ್ಯವಾಗಿ ಮೂರು ವರ್ಷ, 360 ಕ್ರೆಡಿಟ್. ಒಂದು ಕ್ರೆಡಿಟ್ ಅಂದರೆ ಹತ್ತು ಗಂಟೆ ಓದು ಅಂತ ಲೆಕ್ಕ. ಲದ್ದಿ ಎತ್ತೋದು ಆ ಲೆಕ್ಕದಲ್ಲಿ ಇಲ್ಲ.

ಈ ಕ್ರೀಡೆ ಯಾರದ್ದು ಅನ್ನೋದಕ್ಕೆ ಒಂದು ಹಳೇ ಕಥೆ ಇದೆ. 1948ರ ಲಂಡನ್ ಒಲಿಂಪಿಕ್ಸ್ ಹೊತ್ತಿಗೆ ಡ್ರೆಸಾಜ್‌ನಲ್ಲಿ ಸೈನಿಕರು ಸ್ಪರ್ಧಿಸಬೇಕಾದರೆ ಅವರು ಕಮಿಷನ್ಡ್ ಅಧಿಕಾರಿಗಳಾಗಿರಬೇಕಿತ್ತು. ಹೆಂಗಸರಿಗೆ ಪ್ರವೇಶವೇ ಇರಲಿಲ್ಲ. ಆ ವರ್ಷ ತಂಡದ ಚಿನ್ನ ಗೆದ್ದದ್ದು ಸ್ವೀಡನ್. ಅವರ ತಂಡದ ಗೆನಾಲ್ ಪರ್ಸನ್ ಅಸಲಿಗೆ ಸಾರ್ಜೆಂಟ್. ಕೂಟಕ್ಕೆ ಮುಂಚೆ ಅವರನ್ನು ಅಧಿಕಾರಿ ದರ್ಜೆಗೆ ಏರಿಸಿ, ಮುಗಿದ ಮೇಲೆ ಮತ್ತೆ ಕೆಳಗಿಳಿಸಿದ್ದರು. ಇದು ಗೊತ್ತಾಗಿ 1949ರಲ್ಲಿ ಸ್ವೀಡನ್ ತಂಡದ ಚಿನ್ನ ವಾಪಸ್ ಹೋಯ್ತು. ಅವರ ಸವಾರಿಯಲ್ಲಿ ಯಾರೂ ತಪ್ಪು ಹುಡುಕಿರಲಿಲ್ಲ, ತಪ್ಪಿದ್ದದ್ದು ಭುಜದ ಮೇಲಿನ ಪಟ್ಟಿಯಲ್ಲಿ ಅಷ್ಟೆ. ನಿಯಮ ಬದಲಾದ ಮೇಲೆ ಅದೇ ಪರ್ಸನ್ 1952 ಮತ್ತು 1956ರಲ್ಲಿ ತಂಡದ ಜೊತೆ ಚಿನ್ನ ಗೆದ್ದರು. ಹೆಂಗಸರಿಗೆ ಡ್ರೆಸಾಜ್ ಬಾಗಿಲು ತೆರೆದದ್ದೂ 1952ರಲ್ಲೇ. ಪೋಲಿಯೋದಿಂದ ಮೊಣಕಾಲ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಮೊದಲ ಅವಕಾಶದಲ್ಲೇ ಬೆಳ್ಳಿ ತಗೊಂಡರು.

ಸವಾರಿ ಪಾಠ ಬಹುಕಾಲ ನಡೆದದ್ದು ಈ ಸೇನಾ ಧಾಟಿಯಲ್ಲೇ. ಗುರು ಮಧ್ಯದಲ್ಲಿ ನಿಂತು ಕೂಗಬೇಕು, ಶಿಷ್ಯರು ಸುತ್ತ ತಿರುಗಬೇಕು, ಯಾಕೆ ಅಂತ ಕೇಳಬಾರದು. ಕೋಚಿಂಗ್ ಡಿಗ್ರಿಯ ಅರ್ಧ ಕೆಲಸ ಈ "ಯಾಕೆ" ಅನ್ನೋದನ್ನ ವಾಪಸ್ ತರೋದು. ನನ್ನ ಪ್ರಕಾರ ಇದರ ನಿಜವಾದ ಬೆಲೆ ಇರೋದು ಅಲ್ಲೇ.

ಬೇರೆ ಕ್ರೀಡೆಯ ಕೋಚ್‌ಗೆ ಎದುರಿಗಿರೋದು ಒಬ್ಬ ವಿದ್ಯಾರ್ಥಿ. ನಮಗೆ ಇಬ್ಬರು, ಒಬ್ಬರಿಗೆ ಮಾತು ಬರಲ್ಲ. ಹಾಗಾಗಿ ಎರಡು ಕಲಿಕಾ ಶಾಸ್ತ್ರಗಳನ್ನ ಒಟ್ಟೊಟ್ಟಿಗೆ ಓದಬೇಕು. ಮನುಷ್ಯರ ಕಡೆಯಿಂದ: ಎಷ್ಟು ಹೇಳಬೇಕು, ಯಾವಾಗ ಬಾಯಿ ಮುಚ್ಚಬೇಕು, ಬಿದ್ದು ಹೆದರಿದ ಮಗುವನ್ನ ಮತ್ತೆ ಹತ್ತಿಸೋದಾ ಬೇಡವಾ. ಕುದುರೆ ಕಡೆಯಿಂದ: ಅದು ಕಲಿಯೋದು ಬಹುಪಾಲು ಒತ್ತಡ ತೆಗೆದ ಕ್ಷಣದಲ್ಲಿ. ಸವಾರ ಕಾಲಿನಿಂದ ಒತ್ತುತ್ತಾನೆ, ಕುದುರೆ ಒಂದು ಹೆಜ್ಜೆ ಮುಂದೆ ಇಡುತ್ತೆ, ಆ ಕ್ಷಣವೇ ಕಾಲು ಸಡಿಲ ಆಗಬೇಕು. ಆಗ ಕುದುರೆಗೆ "ಇದೇ ಸರಿ" ಅಂತ ಅರ್ಥವಾಗುತ್ತೆ. ಮುಂದೆ ಹೋದ ಮೇಲೂ ಒತ್ತುತ್ತಲೇ ಇದ್ದರೆ ಅದಕ್ಕೆ ಯಾವುದಕ್ಕೂ ಅರ್ಥ ಉಳಿಯಲ್ಲ. ಸುಮ್ಮನೆ ಸಹಿಸಿಕೊಳ್ಳುತ್ತೆ, ಇಲ್ಲಾ ತಿರುಗಿ ಬೀಳುತ್ತೆ. ಅದನ್ನ ನಾವು "ಮೊಂಡು ಕುದುರೆ" ಅಂತೀವಿ.

ಇದು ಗೊತ್ತಿಲ್ಲದಿದ್ದರೆ ಏನಾಗುತ್ತೆ ಅನ್ನೋದನ್ನ ಜಗತ್ತು ಟಿವಿಯಲ್ಲೇ ನೋಡಿದೆ. 2021ರ ಆಗಸ್ಟ್, ಟೋಕಿಯೋ ಒಲಿಂಪಿಕ್ಸ್‌ನ ಮಹಿಳೆಯರ ಮಾಡರ್ನ್ ಪೆಂಟಾಥ್ಲಾನ್. ಅದರಲ್ಲಿ ಕುದುರೆ ಸಿಗೋದು ಚೀಟಿ ಎತ್ತಿ, ಪರಿಚಯಕ್ಕೆ ಇಪ್ಪತ್ತು ನಿಮಿಷ. ಮುನ್ನಡೆಯಲ್ಲಿದ್ದ ಜರ್ಮನಿಯ ಅನಿಕಾ ಶ್ಲಾಯ್ ಅವರಿಗೆ ಸಿಕ್ಕ ಸೇಂಟ್ ಬಾಯ್ ಹೆಜ್ಜೆ ಇಡಲು ಒಪ್ಪಲಿಲ್ಲ. ಅವರು ಅಳುತ್ತಾ ಚಾಟಿ ಬೀಸಿದರು. ಬೇಲಿಯಾಚೆ ನಿಂತ ಕೋಚ್ ಕಿಮ್ ರೈಸ್ನರ್ ಹೊಡಿ ಅಂತ ಕೂಗಿದ್ದಲ್ಲದೆ, ತಾವೇ ಕುದುರೆಗೆ ಮುಷ್ಟಿಯಿಂದ ಗುದ್ದಿದ್ದು ವಿಡಿಯೋದಲ್ಲಿ ಕಂಡಿತು. ಅವರನ್ನ ಕೂಟದಿಂದ ಹೊರಗಿಟ್ಟರು. ಪ್ಯಾರಿಸ್ ನಂತರ ಆ ಕ್ರೀಡೆಯಿಂದ ಸವಾರಿಯನ್ನೇ ತೆಗೆದರು.

ಅದು ಬೇರೆ ಕ್ರೀಡೆ, ನಾವು ಹಾಗಲ್ಲ ಅಂತ ಸವಾರರು ಸಮಾಧಾನ ಮಾಡಿಕೊಳ್ಳೋ ಹೊತ್ತಿಗೆ 2024 ಬಂತು. ಬ್ರಿಟನ್ನಿನ ಒಲಿಂಪಿಕ್ ಚಾಂಪಿಯನ್ ಶಾರ್ಲೆಟ್ ಡುಜಾರ್ಡಿನ್ ಪಾಠ ಹೇಳಿಕೊಡ್ತಾ ಕುದುರೆಯ ಕಾಲಿಗೆ ಮತ್ತೆ ಮತ್ತೆ ಚಾಟಿ ಬೀಸಿದ ಹಳೇ ವಿಡಿಯೋ ಹೊರಬಿತ್ತು. ಅವರು ಪ್ಯಾರಿಸ್‌ನಿಂದ ಹಿಂದೆ ಸರಿದರು. ಅಂತಾರಾಷ್ಟ್ರೀಯ ಒಕ್ಕೂಟ ಒಂದು ವರ್ಷ ನಿಷೇಧ, 10,000 ಸ್ವಿಸ್ ಫ್ರಾಂಕ್ ದಂಡ ಹಾಕಿತು. ಎರಡೂ ಕಡೆ ಗಮನಿಸಿ: ಕಟಕಟೆಯಲ್ಲಿ ನಿಂತದ್ದು ಸವಾರಿಗಿಂತ ಹೆಚ್ಚಾಗಿ ಕೋಚಿಂಗ್. ಪದಕ ಗೆದ್ದವರಿಗೆಲ್ಲ ಕಲಿಸೋಕೆ ಬರುತ್ತೆ ಅನ್ನೋ ನಂಬಿಕೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಿಲ್ಲ.

ಉಳಿದ ಸಿಲಬಸ್ ಬೇಗ ಹೇಳಿಬಿಡ್ತೀನಿ. ಅಂಗರಚನೆ, ಕುಂಟು ಪತ್ತೆ ಹಚ್ಚೋದು, ಕ್ರೀಡಾ ಮನಶ್ಶಾಸ್ತ್ರ, ಮಕ್ಕಳ ರಕ್ಷಣೆ ನಿಯಮ, ಅಂಕಿಅಂಶ, ಕೊನೆಗೊಂದು ಸಂಶೋಧನಾ ಪ್ರಬಂಧ. ಆಹಾರದ ಪಾಠ ನನಗಿಷ್ಟ: ಕುದುರೆಗೆ ವಾಂತಿ ಮಾಡೋಕೆ ಬರಲ್ಲ, ಹೊಟ್ಟೆ ಚಿಕ್ಕದು, ದಿನದ ಬಹುಪಾಲು ಮೇಯ್ತಾ ಇರೋದಕ್ಕೆ ಆದ ದೇಹ. ಹಾಗಾಗಿ ದಿನಕ್ಕೆರಡು ಸಲ ಗಟ್ಟಿ ಆಹಾರ ಸುರಿದು ಹೋದರೆ ಹೊಟ್ಟೆನೋವಲ್ಲೇ ಸಾಯಬಹುದು. ಮೂಗುಪಟ್ಟಿ ಎಷ್ಟು ಬಿಗಿ ಇರಬೇಕು ಅನ್ನೋದೇ ಒಂದು ಅಧ್ಯಾಯ. ಎರಡು ಬೆರಳು ಆಡಬೇಕು ಅನ್ನೋದು ಹಳೇ ಮಾತು, ಯಾರ ಬೆರಳು ಅನ್ನೋದು ಹಳೇ ಜಗಳ. 2025ರಿಂದ ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಅಳತೆಯ ಉಪಕರಣವೇ ಬಂದಿದೆ.

ಇಷ್ಟು ಓದಿದ ಮೇಲೂ, ಕಾನೂನಿನ ಪ್ರಕಾರ ಇದು ಕಡ್ಡಾಯ ಅಲ್ಲ. ಇಂಗ್ಲೆಂಡಿನಲ್ಲಿ ಯಾರು ಬೇಕಾದರೂ ತಾವು ಸವಾರಿ ಕೋಚ್ ಅಂತ ಬೋರ್ಡ್ ಹಾಕಿಕೊಳ್ಳಬಹುದು. ಪರವಾನಗಿ ಬೇಕಿರೋದು ಕುದುರೆ ಬಾಡಿಗೆಗೆ ಕೊಡೋ ಸವಾರಿ ಶಾಲೆಗೆ. 2018ರ ಪ್ರಾಣಿ ಕಲ್ಯಾಣ ನಿಯಮಗಳ ಪ್ರಕಾರ ಸ್ಥಳೀಯ ಕೌನ್ಸಿಲ್ ಅದನ್ನ ಕೊಡುತ್ತೆ. ಕೆಲಸ ಕೊಡೋರು ಸಾಮಾನ್ಯವಾಗಿ ಕೇಳೋದು ಬ್ರಿಟಿಷ್ ಹಾರ್ಸ್ ಸೊಸೈಟಿಯ ಹಂತ ಹಂತದ ಪರೀಕ್ಷೆಗಳು, ಪ್ರಥಮ ಚಿಕಿತ್ಸೆ ಪ್ರಮಾಣಪತ್ರ, ವಿಮೆ. ಬರೀ ಡಿಗ್ರಿ ನೆಚ್ಚಿಕೊಂಡು ಬಂದವರು ಕೊನೇ ವರ್ಷದಲ್ಲಿ ಆ ಪರೀಕ್ಷೆಗಳಿಗೆ ಬೇರೆ ದುಡ್ಡು ಹೊಂದಿಸ್ತಾ ಕೂತಿರ್ತಾರೆ.

ಈಗ ದುಡ್ಡು. ಇಂಗ್ಲೆಂಡಿನ ವಿದ್ಯಾರ್ಥಿಗಳಿಗೆ ವರ್ಷದ ಶುಲ್ಕಕ್ಕೆ ಸರ್ಕಾರದ ಮಿತಿ ಇದೆ, 2025-26ಕ್ಕೆ 9,535 ಪೌಂಡ್. ನಮ್ಮಂಥ ಹೊರದೇಶದವರಿಗೆ ಆ ಮಿತಿ ಇಲ್ಲ. ನಮ್ಮ ಮನೆ ಪತ್ರ ಬ್ಯಾಂಕಿನಲ್ಲಿದೆ. ಇನ್ನೊಂದು ತಮಾಷೆ ಕೇಳಿ: ವಿದ್ಯಾರ್ಥಿ ವೀಸಾದಲ್ಲಿ ಸಂಬಳಕ್ಕೆ ಕ್ರೀಡಾ ಕೋಚ್ ಆಗಿ ದುಡಿಯೋ ಹಾಗಿಲ್ಲ. ಕೋರ್ಸಿನ ಭಾಗವಾಗಿ, ಅಂಕಕ್ಕೆ ಸೇರುವ ಪ್ರಾಯೋಗಿಕ ಕೆಲಸಕ್ಕೆ ಮಾತ್ರ ವಿನಾಯ್ತಿ. ಕೋಚಿಂಗ್ ಓದೋಕೆ ಬಂದವಳು ವಾರಕ್ಕೆ ಇಪ್ಪತ್ತು ಗಂಟೆ ಲಾಯ ಗುಡಿಸಬಹುದು, ಆದರೆ ಪಕ್ಕದ ಅಂಗಳದಲ್ಲಿ ಮಕ್ಕಳಿಗೆ ಲಗಾಮು ಹಿಡಿಯೋದು ಹೇಳಿಕೊಟ್ಟು ಸಂಬಳ ತಗೊಳ್ಳೋ ಹಾಗಿಲ್ಲ.

ನನ್ನ ತರಗತಿಯಲ್ಲಿ ಹೆಚ್ಚಿನವರು ಹುಡುಗಿಯರು, ಬಹುತೇಕ ಎಲ್ಲರೂ ಬಿಳಿಯರು, ಅರ್ಧದಷ್ಟು ಜನ ಸ್ವಂತ ಕುದುರೆ ತಂದವರು. ಬೇರೆ ದಾರಿ ಇಲ್ಲ ಅಂತೇನಿಲ್ಲ. ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಎಬೊನಿ ಹಾರ್ಸ್ ಕ್ಲಬ್ ಅಂತ ಒಂದಿದೆ, ಬಡ ಬಡಾವಣೆಗಳ ಮಕ್ಕಳಿಗೆ ಸವಾರಿ ಕಲಿಸೋ ಸೇವಾ ಸಂಸ್ಥೆ. ಅಲ್ಲಿ ಕಲಿತ ಖದೀಜಾ ಮೆಲ್ಲಾ 2019ರಲ್ಲಿ, 18ನೇ ವಯಸ್ಸಿಗೆ, ಹಿಜಾಬ್ ತೊಟ್ಟೇ ಗುಡ್‌ವುಡ್‌ನ ಮ್ಯಾಗ್ನೋಲಿಯಾ ಕಪ್ ರೇಸ್ ಗೆದ್ದಳು. ರೇಸ್ ಕುದುರೆ ಮೇಲೆ ಅವಳು ಮೊದಲ ಸಲ ಕೂತದ್ದು ಅದೇ ವರ್ಷ.

ನಮ್ಮ ಕಡೆ ಏನಿದೆ? ಸಾಧನೆ ಇದೆ. ಬೆಂಗಳೂರಿನ ಫೌವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಇವೆಂಟಿಂಗ್ ಬೆಳ್ಳಿ ಗೆದ್ದರು, ಟೋಕಿಯೋದಲ್ಲಿ 23ನೇ ಸ್ಥಾನ ಪಡೆದರು. 2023ರಲ್ಲಿ ಹಾಂಗ್‌ಝೌನಲ್ಲಿ ಭಾರತದ ಡ್ರೆಸಾಜ್ ತಂಡ ಚಿನ್ನ ತಂತು. ಆದರೆ ಇವರೆಲ್ಲ ತಯಾರಾದದ್ದು ಬಹುಪಾಲು ಯುರೋಪಿನಲ್ಲಿ, ಅಲ್ಲಿನ ಕೋಚ್‌ಗಳ ಕೈಯಲ್ಲಿ. ರೋಗ ನಿಯಂತ್ರಣದ ನಿಯಮಗಳಿಂದ ಭಾರತದ ಕುದುರೆಯನ್ನ ಅಲ್ಲಿಗೆ ಒಯ್ಯೋದೂ ಸುಲಭ ಇರಲಿಲ್ಲ. 2025ರಲ್ಲಷ್ಟೇ ಮೀರತ್‌ನ ಸೇನಾ ಕೇಂದ್ರದ ಆವರಣಕ್ಕೆ ರೋಗಮುಕ್ತ ಮಾನ್ಯತೆ ಸಿಕ್ಕಿದೆ. ಅಂದರೆ ಇಲ್ಲಿಯವರೆಗೆ ಈ ದಾರಿ ಅಲ್ಲಿ ಕುದುರೆ ಸಾಕುವಷ್ಟು ಹಣ ಅಥವಾ ಪ್ರಾಯೋಜಕರು ಇದ್ದವರಿಗೆ ಮಾತ್ರ.

ನಾನು ಸವಾರಿ ಕಲಿತದ್ದು ಬೆಂಗಳೂರಿನ ಹೊರವಲಯದ ಒಂದು ಶಾಲೆಯಲ್ಲಿ. ಅಲ್ಲಿದ್ದ ಸೈಸ್ ಒಬ್ಬರನ್ನ ನಾವು ಮಕ್ಕಳೆಲ್ಲ ಮಾಮ ಅಂತಿದ್ವಿ. ಬೆಳಿಗ್ಗೆ ಮಾಲೀಸು ಮಾಡುವಾಗ ಗೊರಸಿನ ಮೇಲೆ ಅಂಗೈ ಇಟ್ಟು, "ಇದಕ್ಕೆ ಇವತ್ತು ಜೀನು ಹಾಕಬೇಡಮ್ಮ, ಕಾವು ಜಾಸ್ತಿ ಇದೆ" ಅನ್ನೋರು. ಅದನ್ನೇ ನಾನು ಎರಡನೇ ವರ್ಷದಲ್ಲಿ ಪರೀಕ್ಷೆಗೆ ಬರೆದೆ: ಗೊರಸಿನ ಬಿಸಿ, ಅದರ ಮೇಲ್ಭಾಗದ ನಾಡಿ, ಉರಿಯೂತದ ಮೊದಲ ಲಕ್ಷಣ. ಎಷ್ಟು ಹುರುಳಿ, ಎಷ್ಟು ಹುಲ್ಲು, ಯಾವ ಕುದುರೆ ಯಾವ ಮಗುವಿಗೆ ಹೊಂದುತ್ತೆ, ಎಲ್ಲ ಅವರಿಗೆ ಗೊತ್ತಿತ್ತು. ಪಾಠ ಹೇಳೋಕೆ ಮಾತ್ರ ಅವರಿಗೆ ಅವಕಾಶ ಇರಲಿಲ್ಲ. ಅವರು ಲಗಾಮು ಹಿಡಿದು ನಡೀತಿದ್ದರು, ಇಂಗ್ಲಿಷ್ ಬರೋ ಇನ್ನೊಬ್ಬರು ಮಧ್ಯದಲ್ಲಿ ನಿಂತು ಕೂಗ್ತಿದ್ದರು.

ಬೆಂಗಳೂರು, ಮೈಸೂರಿನ ರೇಸ್ ಕೋರ್ಸ್ ಲಾಯಗಳು, ಕುಣಿಗಲ್ ಫಾರಂ, ಮೈಸೂರಿನ ಅಶ್ವಾರೋಹಿ ಪೊಲೀಸ್ ದಳ: ಕುದುರೆ ಕೆಲಸ ತಲೆಮಾರುಗಳಿಂದ ಗೊತ್ತಿರೋ ಜನ ಕರ್ನಾಟಕದಲ್ಲಿ ಇದ್ದಾರೆ. ದುಡಿದು ಕಲಿತದ್ದನ್ನ ಪರೀಕ್ಷಿಸಿ ಪ್ರಮಾಣಪತ್ರ ಕೊಡೋ ಪದ್ಧತಿ ಕೇಂದ್ರದ ಕೌಶಲ್ಯ ಯೋಜನೆಯಲ್ಲಿ ಈಗಾಗಲೇ ಇದೆ. ಅದರ ಮೇಲೆ ಕಲಿಕಾ ಶಾಸ್ತ್ರ, ಮಕ್ಕಳ ರಕ್ಷಣೆ, ಪ್ರಥಮ ಚಿಕಿತ್ಸೆ ಸೇರಿಸಿ ಕನ್ನಡದಲ್ಲೊಂದು ಕೋಚಿಂಗ್ ಡಿಪ್ಲೊಮಾ ಮಾಡೋಕೆ ಲಂಡನ್‌ವರೆಗೆ ಹೋಗಬೇಕಿಲ್ಲ. ಕ್ರೀಡಾ ಇಲಾಖೆ, ಪಶುವೈದ್ಯ ವಿಶ್ವವಿದ್ಯಾಲಯ ಎರಡೂ ರಾಜ್ಯದಲ್ಲೇ ಇವೆ.

ಅಲ್ಲಿವರೆಗೆ, ಇಲ್ಲಿಗೇ ಬರೋ ಯೋಚನೆ ಇರೋರು ಅರ್ಜಿ ಹಾಕುವ ಮುಂಚೆ ಕಾಲೇಜಿಗೆ ನಾಲ್ಕು ಪ್ರಶ್ನೆ ಬರೆದು ಕೇಳಿ. ಸ್ವಂತ ಕುದುರೆ ಇಲ್ಲದಿದ್ದರೆ ವಾರಕ್ಕೆ ಎಷ್ಟು ಗಂಟೆ ಸವಾರಿ ಸಿಗುತ್ತೆ? ಸವಾರರ ತೂಕಕ್ಕೆ ಮಿತಿ ಎಷ್ಟು? ಹಾರ್ಸ್ ಸೊಸೈಟಿ ಪರೀಕ್ಷೆಗಳ ಖರ್ಚು ಶುಲ್ಕದಲ್ಲಿ ಸೇರಿದೆಯಾ? ಪ್ರಾಯೋಗಿಕ ಕೋಚಿಂಗ್‌ಗೆ ಅಂಕ ಇದೆಯಾ? ಕೊನೇದಕ್ಕೆ ಲಿಖಿತ ಉತ್ತರ ತಗೊಂಡು ಇಟ್ಟುಕೊಳ್ಳಿ, ವೀಸಾ ವಿಚಾರದಲ್ಲಿ ಅದೇ ಕಾಗದ ಬೇಕಾಗುತ್ತೆ.